‘ಪರ್ವ’ ಓದಿದವರು ಕೇಳಿದ್ದು

(ಶಿರಸಿಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ವಿಷಯ ಕೇಳಿ ಕೆಲವರು ಹುಬ್ಬೇರಿಸಿದ್ದಾರೆ. ವಚನ ಬಿಟ್ಟು ಮಹಾಭಾರತದ ಕಾದಂಬರಿ ನಮಗೇಕೆ, ಅದರಲ್ಲೂ ಭೈರಪ್ಪನವರದು ಏಕೆ ಎಂದು ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲೇ ಹಿಡಿದು ಕೇಳಿದರು. ಎಸ್. ಎಲ್. ಭೈರಪ್ಪನವರ ಎಷ್ಟೋ ಅಭಿಪ್ರಾಯಗಳೊಂದಿಗೆ ನನಗೆ ಜಗಳವಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ಊರಿನ ಓದುವ ಗೆಳೆಯರು ‘ಪರ್ವ’ವನ್ನು ಮತ್ತೆ ಕೈಗೆತ್ತಿಕೊಂಡರು. ಜಗಳವಿರುವ ಲೇಖಕನನ್ನು ಓದುವುದು ಅನುಭವ ಮಂಟಪದ ಮಕ್ಕಳಿಗೆ ಹೊಸದಾಗಬಾರದು.

‘ಪರ್ವ’ ಬಂದದ್ದು 1979ರಲ್ಲಿ. ಆರು ನೂರು ಪುಟಕ್ಕೂ ಮೀರಿದ ಪುಸ್ತಕ. ಒಬ್ಬರೇ ಕುಳಿತು ಓದುವಷ್ಟು ಬಿಡುವು ನಮ್ಮವರಿಗೆ ಎಲ್ಲಿ? ಅಡಿಕೆ ಕೊಯ್ಲಿನ ದಿನಗಳು. ಹಾಗಾಗಿ ಒಂದೆರಡು ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಒಬ್ಬರು ಗಟ್ಟಿಯಾಗಿ ಓದಿದರು, ಉಳಿದವರು ಕತ್ತಿಯ ಮುಂದೆ ಕುಳಿತು ಕೇಳಿದರು. ಯಲ್ಲಾಪುರದಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ವಾಪಸು ಬಂದಾಗ ಅದರ ಬೆನ್ನು ಮುರಿದಿತ್ತು. ಹೀಗೆ ಓದಿದವರು, ಕೇಳಿದವರು ಏನೆಂದರು ಎಂಬುದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅದೇ ಇಂದಿನ ನನ್ನ ಉಪನ್ಯಾಸ. ನನ್ನ ಮಾತೂ ನಡುವೆ ಬರುತ್ತದೆ.

ಮೊದಲು ಬಂದದ್ದು ಸಿಟ್ಟು. ಸಿದ್ದಾಪುರದ ಕಡೆಯ ಒಬ್ಬರು, ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು, ನೂರು ಪುಟಕ್ಕೆ ಪುಸ್ತಕ ಮುಚ್ಚಿ ಕಳಿಸಿಬಿಟ್ಟರು. ಅವರ ಸಿಟ್ಟು ನ್ಯಾಯದ್ದೇ. ಈ ಸೀಮೆಯಲ್ಲಿ ಭಾರತದ ಕಥೆ ಪುಸ್ತಕದಿಂದ ಬಂದದ್ದಲ್ಲ. ಬಣ್ಣದ ವೇಷದಲ್ಲಿ, ಚೆಂಡೆಯ ಪೆಟ್ಟಿನಲ್ಲಿ, ಭಾಗವತರ ಕಂಠದಲ್ಲಿ ಬಂದದ್ದು. ಅಲ್ಲಿ ಕೃಷ್ಣ ದೇವರು, ಭೀಷ್ಮ ಮಹಾತ್ಮ, ಕೌರವನೂ ಒಬ್ಬ ದೊಡ್ಡ ಛಲದಂಕಮಲ್ಲ. ‘ಪರ್ವ’ದಲ್ಲಿ ಇವರೆಲ್ಲ ಬೆವರುವ ಮನುಷ್ಯರು. ಪವಾಡ ಇಲ್ಲ, ವರ ಇಲ್ಲ, ದಿವ್ಯಾಸ್ತ್ರ ಇಲ್ಲ. ಕಥೆ ಶುರುವಾಗುವುದೇ ಮದ್ರದೇಶದ ಮುದುಕ ಶಲ್ಯನ ಮನೆಯಿಂದ. ಮೊಮ್ಮಗಳ ಮದುವೆ, ಕನ್ಯಾಶುಲ್ಕದ ಲೆಕ್ಕಾಚಾರದ ನಡುವೆ ಯುದ್ಧದ ಸುದ್ದಿ ಮನೆಗೆ ಬರುತ್ತದೆ.

ತಿಂಗಳು ಕಳೆದು ಆ ಅರ್ಥಧಾರಿಗಳು ಪುಸ್ತಕ ಮತ್ತೆ ತರಿಸಿಕೊಂಡರು. ಓದಿ ಮುಗಿಸಿದ ಮೇಲೆ ನನಗೆ ಹೇಳಿದ್ದು ಇಷ್ಟು: “ಮೊನ್ನೆ ಕರ್ಣನ ಅರ್ಥ ಹೇಳುತ್ತಿದ್ದೆ ಮಾರಾಯರೆ. ರಥದ ಗಾಲಿ ಕೆಸರಲ್ಲಿ ಹೂತುಹೋಯಿತು ಎಂಬಲ್ಲಿಗೆ ಬಂದಾಗ ನಾಲಿಗೆ ತಡವರಿಸಿತು. ಹದಿನೇಳನೆಯ ದಿನ. ಮಳೆಯ ಮಾತೇ ಇಲ್ಲ. ಆ ಕೆಸರು ಯಾವುದರದ್ದು?”

ನಾಲ್ವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಭಾರತವನ್ನು ನಾವು ಕೇಳುತ್ತ ಬಂದ ರೀತಿಯೂ ಹಾಗೇ ಇತ್ತು. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ. ದುರ್ಯೋಧನ ಬಿದ್ದಲ್ಲಿಗೆ, ಗದಾಪರ್ವಕ್ಕೆ, ಆ ಕಾವ್ಯ ನಿಲ್ಲುತ್ತದೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ; ಆದರೆ ಗಮಕಿಗಳು ಹಾಡಿದ್ದು, ಊರು ಕೇಳಿದ್ದು ಬಹುಮಟ್ಟಿಗೆ ಕುಮಾರವ್ಯಾಸನನ್ನೇ. ಯಕ್ಷಗಾನದ ಕುರುಕ್ಷೇತ್ರವೂ ಗದಾಯುದ್ಧದ ಹೊತ್ತಿಗೆ ಮಂಗಳ ಹಾಡುತ್ತದೆ, ಬೆಳಗಾಗಿರುತ್ತದೆ, ನಾವು ಚಾಪೆ ಸುತ್ತಿ ಮನೆಗೆ ಬರುತ್ತೇವೆ. ಅದರ ಮುಂದೆ ಬರುವ ಸ್ತ್ರೀಪರ್ವ, ಹೆಂಗಸರು ರಣರಂಗದಲ್ಲಿ ತಮ್ಮವರ ಹೆಣ ಹುಡುಕುವ ಭಾಗ, ನಮ್ಮ ಕಿವಿಗೆ ಬಿದ್ದದ್ದೇ ಕಡಿಮೆ. ರನ್ನ ಹೆಣಗಳ ನಡುವೆ ದುರ್ಯೋಧನನನ್ನು ನಡೆಸಿದ್ದಾನೆ, ನಿಜ. ಕುವೆಂಪು 1931ರಲ್ಲೇ ‘ಸ್ಮಶಾನ ಕುರುಕ್ಷೇತ್ರಂ’ ಬರೆದರು. ಆದರೂ ಹೆಣದ ವಾಸನೆಯನ್ನು ನೂರಾರು ಪುಟ ಉದ್ದಕ್ಕೂ ಕನ್ನಡ ಓದುಗನ ಮೂಗಿಗೆ ಹಿಡಿದದ್ದು ‘ಪರ್ವ’.

ವಾಸನೆಯ ಮಾತು ಬಂತು. ನಮ್ಮ ಗುಂಪಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಕಡಿಮೆ ಮಾತಿನವರು. ಎಲ್ಲರೂ ದ್ರೌಪದಿ, ಕುಂತಿ ಎಂದು ಚರ್ಚೆ ಮಾಡುತ್ತಿದ್ದಾಗ ಅವರು ಕೇಳಿದ್ದು, “ಸರ್, ಇದನ್ನು ಬರೆದವರು ಸೈನ್ಯದಲ್ಲಿ ಇದ್ದರೇ?” ಇಲ್ಲ ಎಂದೆ. ಅವರು ಬಹಳ ಹೊತ್ತು ನಂಬಲಿಲ್ಲ. ಲಕ್ಷಗಟ್ಟಲೆ ಜನ ಒಂದೇ ಬಯಲಲ್ಲಿ ಬೀಡುಬಿಟ್ಟರೆ ಕುಡಿಯುವ ನೀರು ಎಲ್ಲಿಂದ, ಮಲಮೂತ್ರ ಎಲ್ಲಿಗೆ, ಸುಡಲು ಸೌದೆ ಎಲ್ಲಿದೆ, ಕೊಳೆತ ಹೆಣದ ಮಗ್ಗುಲಲ್ಲಿ ಊಟ ಹೇಗೆ — ಇದನ್ನು ಕೇಳಿಕೊಂಡವರು ಸೈನ್ಯದವರು ಮಾತ್ರ ಎಂದು ಅವರ ಎಣಿಕೆ. “ಗೆದ್ದವರಿಗೂ ಭೇದಿ ಆಗ್ತದೆ ಸರ್. ಅದನ್ನು ಯಾರೂ ಹಾಡುವುದಿಲ್ಲ” ಎಂದರು. ಅಡಿಕೆ ಸುಲಿಯುತ್ತಿದ್ದವರು ನಕ್ಕರು. ಅವರು ನಗಲಿಲ್ಲ.

ಭೈರಪ್ಪನವರು ಯುದ್ಧ ಕಂಡವರಲ್ಲ, ಸಾವು ಕಂಡವರು. ಬಾಲ್ಯದಲ್ಲೇ ಪ್ಲೇಗಿಗೆ ತಾಯಿಯನ್ನು, ಒಡಹುಟ್ಟಿದವರನ್ನು ಕಳೆದುಕೊಂಡವರು. ‘ಗೃಹಭಂಗ’ ಓದಿದವರಿಗೆ ಆ ಪ್ಲೇಗಿನ ಊರು ಗೊತ್ತಿದೆ. ಹೆಣ ಸಾಗಿಸಲು ಜನ ಸಿಗದ ಊರನ್ನು ಕಂಡ ಹುಡುಗ ದೊಡ್ಡವನಾಗಿ ಕುರುಕ್ಷೇತ್ರ ಬರೆದರೆ ಅಲ್ಲಿ ಪುಷ್ಪವೃಷ್ಟಿ ಹೇಗೆ ಆದೀತು?

ಹೆಣ್ಣುಮಕ್ಕಳ ಪ್ರತಿಕ್ರಿಯೆ ಬೇರೆಯೇ ದಾರಿ ಹಿಡಿಯಿತು. ದ್ರೌಪದಿಯ ಬಗ್ಗೆ ಹೆಚ್ಚು ಮಾತಾಡುತ್ತಾರೆ ಎಂದುಕೊಂಡಿದ್ದೆ. ಯಲ್ಲಾಪುರದ ಕಾಡಂಚಿನ ಶಾಲೆಯೊಂದರ ಶಿಕ್ಷಕಿ ಎತ್ತಿಕೊಂಡದ್ದು ಸಾಲಕಟಂಕಟಿಯನ್ನು. ನಾವು ಹಿಡಿಂಬೆ ಎನ್ನುತ್ತೇವಲ್ಲ, ಅವಳು. ಭೀಮ ಅವಳನ್ನು ಕಾಡಿನಲ್ಲಿ ಬಿಟ್ಟು ಹೋದ. ಮಗನನ್ನು ಹೆತ್ತು ಬೆಳೆಸಿದವಳು ಅವಳೊಬ್ಬಳೇ. ಯುದ್ಧ ಬಂದಾಗ ಭೀಮನಿಗೆ ಆ ಕಾಡಿನ ದಾರಿ ನೆನಪಾಗುತ್ತದೆ. ಮಗನ ಸಹಾಯ ಕೇಳಲು ಹೋಗುತ್ತಾನೆ. ಘಟೋತ್ಕಚ ಬರುತ್ತಾನೆ, ಸಾಯುತ್ತಾನೆ. “ರಾಜ್ಯದಲ್ಲಿ ಅವಳಿಗೆ ಒಂದು ಗುಂಟೆ ಪಾಲಿಲ್ಲ. ಸಾಯುವುದರಲ್ಲಿ ಮಾತ್ರ ಪಾಲು ಕೊಟ್ಟರು” ಎಂದರು ಆ ಶಿಕ್ಷಕಿ. ಅವರ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ, ಗೌಳಿ ಮಕ್ಕಳಿದ್ದಾರೆ. ಅವರು ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಹೇಳಿದರು ಎಂದು ನಾನು ವಿವರಿಸಬೇಕಾಗಿಲ್ಲ.

ಇನ್ನು ಕೊನೆಯ ಭಾಗ. ಯುದ್ಧ ಮುಗಿದಿದೆ, ಧರ್ಮರಾಜ ಗೆದ್ದಿದ್ದಾನೆ. ಸೈನಿಕರ ಕೈಗೆ ಸಿಕ್ಕು ಬಸಿರಾದ ಹೆಂಗಸರು ಗುಂಪಾಗಿ ಬಂದು ಅವನ ಮುಂದೆ ನಿಲ್ಲುತ್ತಾರೆ. ಹುಟ್ಟುವ ಮಕ್ಕಳಿಗೆ ಯಾರು ದಿಕ್ಕು? ಧರ್ಮವನ್ನು ಹೆಸರಲ್ಲೇ ಇಟ್ಟುಕೊಂಡ ರಾಜನ ಬಳಿ ಉತ್ತರ ಇಲ್ಲ. ಈ ಭಾಗ ಓದುವಾಗ ಓದುತ್ತಿದ್ದ ಹುಡುಗಿಯ ದನಿ ಕಟ್ಟಿತು. ಪುಸ್ತಕವನ್ನು ಅವಳ ಅಜ್ಜಿ ಇಸಿದುಕೊಂಡರು, ಆದರೆ ಅಜ್ಜಿಗೆ ಓದು ಬಾರದು. ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕುಳಿತರು.

ಎಲ್ಲರೂ ಹೀಗೆ ಕರಗಿದರು ಎಂದು ಹೇಳಿ ನಾನು ಇಳಿದುಬಿಡಬಹುದು. ಆದರೆ ಗುಂಪಿನಲ್ಲಿದ್ದ ಇಪ್ಪತ್ತೆರಡರ ಹುಡುಗನೊಬ್ಬ ನೆಟ್ಟಗೆ ಒಂದು ಮಾತು ಹೇಳಿದ. “ಸರ್, ಓದುವಾಗ ನನಗೂ ಅಳು ಬಂತು. ಆದರೆ ಕಳೆದ ಮೇ ತಿಂಗಳಲ್ಲಿ ಯುದ್ಧ ನಿಂತಿತು ಎಂದಾಗ ನನಗೆ ಬೇಜಾರಾಗಿತ್ತು. ಈಗಲೂ ಆ ಬೇಜಾರು ತಪ್ಪು ಅಂತ ಅನಿಸುತ್ತಿಲ್ಲ.”

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ನಮ್ಮ ಪಕ್ಕದ ಶಿವಮೊಗ್ಗದ ಮನೆಯೊಂದಕ್ಕೂ ಆ ಶವ ಬಂತು. ಆ ನೋವು, ಆ ಸಿಟ್ಟು ನಾಟಕವಲ್ಲ. ಮೇ 7ರಿಂದ 10ರವರೆಗೆ ನಾಲ್ಕು ದಿನ ಎರಡು ದೇಶಗಳ ನಡುವೆ ಕಾಳಗ ನಡೆಯಿತು. ಆ ರಾತ್ರಿಗಳಲ್ಲಿ ಟಿ.ವಿ. ಮುಂದೆ ಕುಳಿತವರಿಗೆ ನೆನಪಿರಬೇಕು: ಕರಾಚಿ ಬಂದರು ನಾಶವಾಯಿತು ಎಂದು ಕೆಲವು ವಾಹಿನಿಗಳು ಕೂಗಿದವು. ಅದು ಸುಳ್ಳು. ಆ ಸುಳ್ಳಿಗೆ ನಮ್ಮ ಮನೆಗಳಲ್ಲಿ ಚಪ್ಪಾಳೆ ಬಿತ್ತು. ಗಡಿಯ ಪೂಂಛ್‌ನಲ್ಲಿ ಶೆಲ್ ಬಿದ್ದು ನಮ್ಮದೇ ಜನ, ಮಕ್ಕಳು ಸತ್ತದ್ದು ಅಷ್ಟು ದೊಡ್ಡ ದನಿಯಲ್ಲಿ ನಮ್ಮ ಮನೆಗೆ ಬರಲಿಲ್ಲ. ಹುಡುಗ ನಿಜ ಹೇಳಿದ್ದಕ್ಕೆ ನಾನು ಅವನನ್ನು ಗದರಿಸಲಿಲ್ಲ. ಅವನ ಮಾತು ನನ್ನನ್ನು ಬೇರೆ ಒಂದು ಪುಸ್ತಕದ ಕಡೆಗೆ ಕೊಂಡೊಯ್ದಿತು.

ಜರ್ಮನಿಯ ಎರಿಕ್ ಮರಿಯಾ ರೆಮಾರ್ಕ್ ಎಂಬವನು ಮೊದಲ ಮಹಾಯುದ್ಧದಲ್ಲಿ 1917ರಲ್ಲಿ ಗಾಯಗೊಂಡ ಸೈನಿಕ. ಅವನ ಕಾದಂಬರಿ ಇಂಗ್ಲಿಷಿನಲ್ಲಿ ‘ಆಲ್ ಕ್ವೈಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಹೆಸರಾದದ್ದು. 1929ರ ಜನವರಿಯಲ್ಲಿ ಪುಸ್ತಕವಾಗಿ ಬಂತು; ಆ ವರ್ಷ ಮುಗಿಯುವುದರೊಳಗೆ ಜರ್ಮನಿ ಒಂದರಲ್ಲೇ ಹತ್ತು ಲಕ್ಷದ ಹತ್ತಿರ ಪ್ರತಿ ಮಾರಾಟವಾಯಿತು. ಯುದ್ಧ ಕಂಡ ಎಷ್ಟೋ ಜನ ಇದು ನಮ್ಮದೇ ಕಥೆ ಎಂದರು. ಅದೇ ಯುದ್ಧ ಕಂಡ ಇನ್ನೂ ಎಷ್ಟೋ ಜನ ಇದು ಸತ್ತವರಿಗೆ ಮಾಡಿದ ಅವಮಾನ ಎಂದರು. 1930ರ ಡಿಸೆಂಬರಿನಲ್ಲಿ ಅದರ ಸಿನಿಮಾ ಬರ್ಲಿನ್ನಿಗೆ ಬಂದಾಗ ಗೋಬೆಲ್ಸ್‌ನ ನಾಜಿಗಳು ಟಾಕೀಸಿನೊಳಗೆ ಬಿಳಿ ಇಲಿಗಳನ್ನು ಬಿಟ್ಟು, ನಾರುವ ಬಾಂಬು ಎಸೆದು ಪ್ರದರ್ಶನ ಕೆಡಿಸಿದರು. ವಾರದೊಳಗೆ ಸರಕಾರವೇ ಸಿನಿಮಾ ನಿಷೇಧಿಸಿತು. 1933ರ ಮೇ 10ರಂದು ಪುಸ್ತಕವನ್ನೇ ಬೆಂಕಿಗೆ ಹಾಕಿದರು. ರೆಮಾರ್ಕ್ ದೇಶ ಬಿಟ್ಟಿದ್ದ. ಜರ್ಮನಿಯಲ್ಲಿ ಉಳಿದಿದ್ದ ತಂಗಿ ಎಲ್‌ಫ್ರೀಡಳನ್ನು, ಯುದ್ಧ ಸೋತಾಗಿದೆ ಎಂದು ಆಡಿದ ಮಾತಿಗಾಗಿ 1943ರ ಡಿಸೆಂಬರಿನಲ್ಲಿ ಶಿರಚ್ಛೇದ ಮಾಡಿದರು. ಅದರ ಖರ್ಚಿನ ಬಿಲ್ಲನ್ನು ಮನೆಯವರಿಗೆ ಕಳಿಸಿದರು.

ನನ್ನನ್ನು ಕಾಡುವುದು ಪುಸ್ತಕ ಸುಟ್ಟವರಲ್ಲ. ಅವರು ಇರುತ್ತಾರೆ. ಕೊಂಡು ಓದಿ ಅತ್ತ ಆ ಲಕ್ಷಾಂತರ ಜನ ಹತ್ತು ವರ್ಷದ ಮೇಲೆ, 1939ರಲ್ಲಿ, ಎಲ್ಲಿದ್ದರು? ಹಲವರ ಮಕ್ಕಳು ಸಮವಸ್ತ್ರದಲ್ಲಿದ್ದರು. ನನ್ನ ಊಹೆ ಇದು: ಅವರು ತಮ್ಮ ಹುಡುಗರಿಗಾಗಿ ಅತ್ತರು. ಅದೇ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ನಾಯಕ ಗುಂಡಿಯೊಂದರಲ್ಲಿ ಅಡಗಿದ್ದಾಗ ಮೇಲೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಆ ಮನುಷ್ಯ ತಕ್ಷಣ ಸಾಯುವುದಿಲ್ಲ, ಗಂಟೆಗಟ್ಟಲೆ ನರಳುತ್ತಾನೆ. ಸತ್ತ ಮೇಲೆ ಅವನ ಕೈಚೀಲ ತೆಗೆದು ನೋಡಿದರೆ ಹೆಂಡತಿ-ಮಗುವಿನ ಚಿತ್ರ, ಅವನ ಹೆಸರು, ಮತ್ತು ಅವನ ಕೆಲಸ. ಮುದ್ರಣಾಲಯದಲ್ಲಿ ಕೆಲಸ ಮಾಡುವವನು.

ಶರಣ ಬಂಧುಗಳೇ, ಶತ್ರುವಿನ ಕಾಯಕ ಏನೆಂದು ಅವನಿಗೆ ಆಗ ತಿಳಿಯುತ್ತದೆ, ಕೊಂದ ಮೇಲೆ. ನಮ್ಮ ಶರಣರ ಹೆಸರಿನ ಮುಂದೆ ಕಾಯಕ ಇದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಮನುಷ್ಯ ಎದುರು ಬಂದಾಗ ಅವನು ಏನು ಮಾಡಿ ಉಣ್ಣುತ್ತಾನೆ ಎಂಬುದು ಮೊದಲು ಗೊತ್ತಾಗುವ ವ್ಯವಸ್ಥೆ ಅದು. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಬೇಜಾರಾಯಿತು ಎನ್ನುತ್ತೀಯಲ್ಲ, ಗಡಿಯ ಆಚೆ ಆ ನಾಲ್ಕು ದಿನ ಮನೆಯಲ್ಲೇ ಸತ್ತವರ ಪೈಕಿ ಒಬ್ಬನ ಕಾಯಕ ಏನೆಂದು ಹುಡುಕಿಕೊಂಡು ಬಾ. ಈಚೆಯವರ ಪೈಕಿಯೂ ಒಬ್ಬನದು. ಅವನು ಇನ್ನೂ ಬಂದು ಹೇಳಿಲ್ಲ. ಇಲ್ಲೇ ಹಿಂದೆ ಎಲ್ಲೋ ಕುಳಿತಿದ್ದಾನೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಇದು ಕೆಲವರಿಗೆ ಕಹಿಯಾಗಬಹುದು.

ಬನವಾಸಿಯ ಸುತ್ತ ತಿರುಗಾಡಿದವರು ವೀರಗಲ್ಲು ನೋಡಿಯೇ ಇರುತ್ತೀರಿ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಏನಿದೆ? ಲಿಂಗ. ಅದರ ಮುಂದೆ ಕೈಮುಗಿದು ಕುಳಿತ ವೀರ. ಅಂದರೆ ಸಾಮಾನ್ಯ ಸೈನಿಕನಿಗೆ ಲಿಂಗದ ಸಾಮೀಪ್ಯ ಸಿಗುವ ಒಂದು ದಾರಿ ಕೊಂದು ಸಾಯುವುದು. ಆ ಲಿಂಗವನ್ನು ಬಸವಣ್ಣನವರು ಕೆಳಗಿಳಿಸಿ ಬದುಕಿರುವ ಮನುಷ್ಯನ ಅಂಗೈಗೆ ಕೊಟ್ಟರು. ಚಮ್ಮಾರನ ಕೈಗೆ, ಹೆಂಗಸಿನ ಕೈಗೆ. ಯಾರೂ ಸಾಯಬೇಕಿರಲಿಲ್ಲ. ಅಪ್ಸರೆಯ ಆಮಿಷವೂ ಬೇಕಿರಲಿಲ್ಲ. ಸ್ವರ್ಗ ನರಕಗಳನ್ನು ನಡೆನುಡಿಯಲ್ಲೇ ತೋರಿಸಿಬಿಟ್ಟಿದ್ದರು. ರಾಜರಿಗೆ ಈ ಧರ್ಮ ಏಕೆ ಅಪಾಯವೆನಿಸಿತು ಎಂದು ಕೇಳುವವರು ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಾಯಲು ಸಿದ್ಧರಿರುವ ಸೈನಿಕರನ್ನು ಒದಗಿಸುತ್ತಿದ್ದ ನಂಬಿಕೆಯ ಬುಡಕ್ಕೇ ಕೈ ಹಾಕಿತ್ತು ಅದು.

ಹೀಗಿದ್ದೂ ಹನ್ನೆರಡನೆಯ ಶತಮಾನದ ಕೊನೆಯ ಅಧ್ಯಾಯ ರಕ್ತದಲ್ಲೇ ಇದೆ. ಹರಳಯ್ಯ-ಮಧುವರಸರ ಕೊಲೆ, ಬಿಜ್ಜಳನ ಕೊಲೆ, ಕಲ್ಯಾಣದ ದಳ್ಳುರಿ. ಬಿಜ್ಜಳನ ಸಾವಿನ ಬಗ್ಗೆ ನಮ್ಮ ಪುರಾಣಗಳದು ಒಂದು ಮಾತು, ಜೈನ ಕಾವ್ಯದ್ದು ಇನ್ನೊಂದು. ಕಾರ್ನಾಡರ ‘ತಲೆದಂಡ’ ನೋಡಿದವರಿಗೆ ಆ ಇಕ್ಕಟ್ಟು ಗೊತ್ತಿದೆ. ಆಮೇಲೆ ಚನ್ನಬಸವಣ್ಣನವರು, ಅಕ್ಕನಾಗಮ್ಮನವರು ಶರಣರ ತಂಡ ಕಟ್ಟಿಕೊಂಡು ಉಳವಿಯ ಕಾಡಿಗೆ ಬಂದರು. ಹಿಂದೆ ಸೈನ್ಯ. ದಾರಿಯ ಉದ್ದಕ್ಕೂ ಕಾಳಗ ನಡೆಯಿತೆಂದು ಪರಂಪರೆ ಹೇಳುತ್ತದೆ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿ ಇದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಗಂಗಾಂಬಿಕೆಯವರ ಐಕ್ಯಸ್ಥಳ ಇದೆ. ಯಲ್ಲಾಪುರದವರಿಗೆ ಉಳವಿ ದೂರವಲ್ಲ, ಕಾಡು ಒಂದೇ.

ಈ ನಡಿಗೆಯನ್ನು ನಾವು ಹೇಗೆ ಹೇಳುತ್ತೇವೆ? ವೇದಿಕೆಗಳಲ್ಲಿ ನಾನು ಕೇಳುತ್ತ ಬಂದದ್ದು ಖಡ್ಗದ ಕಥೆ. ಮಾಚಿದೇವರು ಎಷ್ಟು ಜನರನ್ನು ತಡೆದರು, ಯಾರು ಯಾರನ್ನು ಬಡಿದುರುಳಿಸಿದರು. ಇತ್ತೀಚೆಗೆ ಹುಡುಗರು ಮಾಡುವ ಚಿತ್ರಪಟಗಳಲ್ಲಂತೂ ಶರಣರ ಕೈಯಲ್ಲಿ ವಚನದ ಕಟ್ಟಿಗಿಂತ ಕತ್ತಿಯೇ ದೊಡ್ಡದಾಗಿ ಕಾಣುತ್ತದೆ. ಹಿಂದೆ ಉಳಿದು ಸೈನ್ಯವನ್ನು ತಡೆದವರನ್ನು ನಾನು ತಪ್ಪು ಎನ್ನುವುದಿಲ್ಲ. ಮಕ್ಕಳು, ಮುದುಕರು, ವಚನದ ಕಟ್ಟುಗಳು ಮುಂದೆ ಹೋಗುವಾಗ ಅಡ್ಡ ನಿಂತವರು ಅವರು. ನಾನಾದರೂ ನಿಲ್ಲುತ್ತಿದ್ದೆನೋ ಓಡುತ್ತಿದ್ದೆನೋ. ಆದರೆ ಅಡ್ಡ ನಿಲ್ಲಬೇಕಾಗಿ ಬಂದದ್ದನ್ನು ಹಬ್ಬವಾಗಿ ಹಾಡುವಾಗ ನಾವು ಆ ಲಿಂಗವನ್ನು ಮತ್ತೆ ವೀರಗಲ್ಲಿನ ಮೇಲಿನ ಪಟ್ಟಿಕೆಗೆ ಏರಿಸುತ್ತಿದ್ದೇವೆ ಅನಿಸುತ್ತದೆ.

ಇದಕ್ಕೆ ಗೋಷ್ಠಿಯಲ್ಲೇ ವಿರೋಧ ಬಂತು. ‘ಅಹಿಂಸೆ, ಅಹಿಂಸೆ ಎಂದು ಕುಳಿತರೆ ಧರ್ಮ ಉಳಿಯುತ್ತದೆಯೇ’ ಎಂದು ಒಬ್ಬರು ಕೇಳಿದರು. ಸಿದ್ದಾಪುರದ ತಾಯಿಯೊಬ್ಬರು ಅಲ್ಲೇ ಉತ್ತರ ಕೊಟ್ಟರು. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ ತಾಲ್ಲೂಕಿನ ರೈತರ ಜಮೀನು ಜಪ್ತಿಯಾದಾಗ, ಅದನ್ನು ಹರಾಜಿನಲ್ಲಿ ಹಿಡಿದವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಕೈಯಲ್ಲಿ ಒಂದು ಕೋಲೂ ಇರಲಿಲ್ಲ. “ಆ ಹೆಂಗಸರನ್ನು ಹೇಡಿಗಳು ಎನ್ನುತ್ತೀರಾ?” ಎಂದರು. ವಾದ ಮಾಡಿದವರು, ಅದು ಬೇರೆ ಕಾಲ, ಎದುರಿಗಿದ್ದವರು ಬೇರೆ ಎಂದರು. ಅವರ ಮಾತಿನಲ್ಲೂ ಹುರುಳಿದೆ. ವಾದ ಅಂದು ಮುಗಿಯಲಿಲ್ಲ.

ಅಂದು ಪುಸ್ತಕ ಮಡಿಲಲ್ಲಿ ಇಟ್ಟುಕೊಂಡಿದ್ದ ಅಜ್ಜಿಯ ಮಾತು ಹೇಳಿಬಿಡುತ್ತೇನೆ. ಬನವಾಸಿ ಕಡೆಯವರು, ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಉಳವಿ ಜಾತ್ರೆಗೆ ಹೋಗಿಬರುವವರು. ಮಹಾಮನೆಯ ಗವಿ, ಅಕ್ಕನಾಗಮ್ಮನ ಗವಿ ಎಲ್ಲ ಬಲ್ಲವರು. ಮೊಮ್ಮಗಳು ಓದಿ ಮುಗಿಸಿದ ಮೇಲೆ ನನ್ನನ್ನು ಕೇಳಿದರು: “ತಮ್ಮಾ, ಕಲ್ಯಾಣದಿಂದ ಉಳವಿಗೆ ನಡಕೊಂಡು ಬಂದ್ರಲ್ಲ, ಅವರೊಳಗ ಬಸುರಿ ಹೆಣ್ಮಕ್ಕಳು ಎಷ್ಟು ಮಂದಿ ಇದ್ರು? ಹಾದಿಯೊಳಗ ಹಡೆದವರ ಬಾಣಂತನ ಯಾರು ಮಾಡಿದ್ರು?”

ನನ್ನ ಕಪಾಟಿನಲ್ಲಿ ಶರಣ ಚರಿತ್ರೆಯ ಪುಸ್ತಕಗಳು ಎರಡು ಸಾಲು ಇವೆ. ಮನೆಗೆ ಹೋಗಿ ಎಲ್ಲವನ್ನೂ ತೆಗೆದು ನೋಡಿದೆ. ಕಾಳಗದ ಸ್ಥಳಗಳ ಪಟ್ಟಿ ಇದೆ. ಈ ಪ್ರಶ್ನೆ ಒಂದರಲ್ಲೂ ಇಲ್ಲ. ಬರುವ ಹುಣ್ಣಿಮೆಗೆ ನಾವು ಕೆಲವರು ಅಜ್ಜಿಯ ಜೊತೆ ಉಳವಿಗೆ ಹೊರಟಿದ್ದೇವೆ. ದಾರಿಯಲ್ಲಿ ಕಕ್ಕೇರಿಗೂ ಹೋಗುತ್ತೇವೆ. ಆ ಊರುಗಳ ಹಳೆಯ ಹೆಣ್ಣುಮಕ್ಕಳ ಹಾಡಿನಲ್ಲಿ ಏನಾದರೂ ಉಳಿದಿದೆಯೋ ಕೇಳಿ ಬರೆದುಕೊಳ್ಳುವುದು ನಮ್ಮ ಯೋಚನೆ. ಬರುವವರು ಗೋಷ್ಠಿ ಮುಗಿದ ಮೇಲೆ ಹೆಸರು ಕೊಡಿ. ಎರಡು ಗಾಡಿ ಮಾಡಿದ್ದೇವೆ, ಒಂದರಲ್ಲಿ ಇನ್ನೂ ಐದಾರು ಜನಕ್ಕೆ ಜಾಗವಿದೆ.